ಜಾನ್ ಅಮೋಸ್ ಕೊಮೇನಿಯಸ್: ವಯಸ್ಸಿಗೆ ತಕ್ಕ ಶಾಲೆಯ ಕನಸು ಕಂಡವರು

ಡಿ.ಎಡ್., ಬಿ.ಎಡ್. ಓದಿದ ನಮ್ಮ ಶಿಕ್ಷಕ ಶಿಕ್ಷಕಿಯರಿಗೆ ಕೊಮೇನಿಯಸ್ ಎಂಬ ಹೆಸರು ಹೊಸದಲ್ಲ. ಆದರೆ ಬಹುಮಂದಿಗೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆತ ಹೆಸರು. ಅರ್ಥವಾಗದ್ದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಬಾರದೆಂದು ಜೀವನವಿಡೀ ಹೇಳಿದವರಿಗೆ ನಾವು ಸಲ್ಲಿಸಿದ ಗೌರವ ಇದು!

ಕೊಮೇನಿಯಸ್ ಹುಟ್ಟಿದ್ದು 1592ರ ಮಾರ್ಚ್ 28ರಂದು, ಇಂದಿನ ಚೆಕ್ ಗಣರಾಜ್ಯದ ಮೊರಾವಿಯ ಪ್ರಾಂತ್ಯದಲ್ಲಿ. ಅವರ ಕುಟುಂಬ ಬೊಹೀಮಿಯದ ಸಹೋದರರ ಸಭೆ ಎಂಬ ಪ್ರೊಟೆಸ್ಟೆಂಟ್ ಪಂಗಡಕ್ಕೆ ಸೇರಿತ್ತು. ಎಳೆಯ ವಯಸ್ಸಿನಲ್ಲೇ ತಂದೆತಾಯಿ ತೀರಿಕೊಂಡರು. ಹುಡುಗನ ಓದಿನ ಬಗ್ಗೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಲ್ಯಾಟಿನ್ ಶಾಲೆಯ ಮೆಟ್ಟಿಲು ಹತ್ತಿದಾಗ ಅವರಿಗೆ ಹದಿನಾರು ವರ್ಷ. ತನಗಿಂತ ಚಿಕ್ಕವರ ನಡುವೆ ಬೆಂಚಿನಲ್ಲಿ ಕುಳಿತ ಆ ದೊಡ್ಡ ಹುಡುಗನಿಗೆ, ಚಿಕ್ಕವರಿಗೆ ಕಾಣದ ಒಂದು ಸಂಗತಿ ಕಂಡಿತು. ಕಲಿಸುವ ರೀತಿಯೇ ಸರಿಯಿಲ್ಲ. ವಸ್ತುವನ್ನು ತೋರಿಸದೆ ಶಬ್ದವನ್ನು ತುರುಕುತ್ತಾರೆ, ತಪ್ಪಿದರೆ ಬೆತ್ತ ಎತ್ತುತ್ತಾರೆ.

ಜರ್ಮನಿಯ ಹೆರ್ಬಾರ್ನ್ ಮತ್ತು ಹೈಡೆಲ್‌ಬರ್ಗ್‌ನಲ್ಲಿ ಓದು ಮುಗಿಸಿದ ಅವರು 1616ರಲ್ಲಿ ಪಾದ್ರಿಯಾದರು. ಫುಲ್ನೆಕ್ ಎಂಬ ಊರಿನಲ್ಲಿ ಸಭೆಯನ್ನೂ ಶಾಲೆಯನ್ನೂ ನೋಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. 1620ರಲ್ಲಿ ಪ್ರೊಟೆಸ್ಟೆಂಟರು ಸೋತ ಬಳಿಕ ಕೊಮೇನಿಯಸ್ ತಲೆಮರೆಸಿಕೊಂಡು ಬದುಕಬೇಕಾಯಿತು. 1622ರಲ್ಲಿ ಹೆಂಡತಿ ಮತ್ತು ಇಬ್ಬರು ಎಳೆಯ ಮಕ್ಕಳು ಪ್ಲೇಗಿಗೆ ಬಲಿಯಾದರು. ಮರುವರ್ಷ ಅವರ ಪುಸ್ತಕಗಳನ್ನು ಸುಟ್ಟುಹಾಕಲಾಯಿತು. 1628ರಲ್ಲಿ ದೇಶಬಿಟ್ಟು ಪೋಲೆಂಡಿನ ಲೆಷ್ನೊ ಪಟ್ಟಣ ಸೇರಿದರು. ಅವರನ್ನು ಹೊರಗಟ್ಟಿದ್ದು ಕಥೋಲಿಕ ಚಕ್ರವರ್ತಿಯ ಆಜ್ಞೆ. ಕಥೋಲಿಕರಾದ ನಾವು ಇದನ್ನು ಮುಚ್ಚಿಟ್ಟು ಅವರ ಗುಣಗಾನ ಮಾಡುವುದು ಸರಿಯಲ್ಲ.

ಲೆಷ್ನೊದಲ್ಲಿ ಶಾಲೆಯಲ್ಲಿ ಕಲಿಸುತ್ತಾ ಅವರು ತಮ್ಮ ಮಹಾ ಬೋಧನಶಾಸ್ತ್ರವನ್ನು, ಅಂದರೆ ಡಿಡಾಕ್ಟಿಕಾ ಮ್ಯಾಗ್ನಾವನ್ನು, ಮೊದಲು ಚೆಕ್ ಭಾಷೆಯಲ್ಲಿ ಬರೆದರು. ಒಂದಲ್ಲ ಒಂದು ದಿನ ಊರಿಗೆ ಮರಳಿ ಶಾಲೆಗಳನ್ನು ಮತ್ತೆ ಕಟ್ಟುವ ಆಸೆ ಅವರಿಗಿತ್ತು. ಅದು ಕೊನೆಗೂ ಈಡೇರಲಿಲ್ಲ.

ಆ ಗ್ರಂಥದಲ್ಲಿ ಅವರು ಇಪ್ಪತ್ತನಾಲ್ಕು ವರ್ಷಗಳನ್ನು ಆರಾರು ವರ್ಷದ ನಾಲ್ಕು ಶಾಲೆಗಳಾಗಿ ಹಂಚಿದ್ದಾರೆ. ಆರು ವರ್ಷದವರೆಗೆ ತಾಯಿಯ ಮಡಿಲೇ ಶಾಲೆ. ಹನ್ನೆರಡರವರೆಗೆ ಪ್ರತಿ ಊರಿನಲ್ಲೂ ಮಾತೃಭಾಷೆಯ ಶಾಲೆ. ಹದಿನೆಂಟರವರೆಗೆ ಪಟ್ಟಣದಲ್ಲಿ ಲ್ಯಾಟಿನ್ ಶಾಲೆ, ಆಮೇಲೆ ವಿಶ್ವವಿದ್ಯಾಲಯ. ಇವನ್ನು ಅವರು ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲಗಳಿಗೆ ಹೋಲಿಸಿದರು. ಸ್ವಾರಸ್ಯವೆಂದರೆ, ನಾಲ್ಕು ಕಡೆಯೂ ಕಲಿಯುವ ವಿಷಯಗಳು ಬೇರೆಬೇರೆಯಲ್ಲ. ಅದೇ ವಿಷಯ ವಯಸ್ಸಿಗೆ ತಕ್ಕಂತೆ ಆಳವಾಗುತ್ತಾ ಹೋಗುತ್ತದೆ. ಮೂರು ವರ್ಷದ ಮಗುವಿಗೂ ಭೂಗೋಳವಿದೆ, ಅದು ಗುಡ್ಡ, ಹೊಳೆ, ಗದ್ದೆ, ತನ್ನ ಹಳ್ಳಿ. ಮೂರು ಎಂಬುದು ಎರಡಕ್ಕಿಂತ ಹೆಚ್ಚು ಎಂದು ತಿಳಿಯುವುದೇ ಗಣಿತ. ನಿನ್ನೆ ಮನೆಗೆ ಯಾರು ಬಂದಿದ್ದರು ಎಂದು ನೆನಪಿಟ್ಟು ಹೇಳುವುದೇ ಚರಿತ್ರೆ. ಈ ವಯಸ್ಸಿಗೆ ತರಗತಿ, ವೇಳಾಪಟ್ಟಿ ಏನೂ ಬೇಡ, ಏಕೆಂದರೆ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ತಾಯಂದಿರಿಗೆ ಒಂದು ಕೈಪಿಡಿ, ಮಗುವಿಗೆ ಒಂದು ಚಿತ್ರಪುಸ್ತಕ ಸಾಕೆಂದರು.

ಎರಡನೆಯ ಶಾಲೆಯಲ್ಲಿ ಆರು ತರಗತಿ, ತರಗತಿಗೊಂದು ಪುಸ್ತಕ. ಪುಸ್ತಕದ ಹೆಸರು ಕೂಡ ಮಕ್ಕಳನ್ನು ಕರೆಯುವಂತಿರಬೇಕೆಂದು ಒಂದಕ್ಕೆ ವಯೊಲೆಟ್ ಹೂವಿನ ಪಾತಿ, ಇನ್ನೊಂದಕ್ಕೆ ಗುಲಾಬಿಯ ಪಾತಿ ಎಂಬಂಥ ಹೆಸರುಗಳನ್ನು ಸೂಚಿಸಿದರು. ದಿನಕ್ಕೆ ನಾಲ್ಕೇ ಗಂಟೆ ಪಾಠ. ಬುದ್ಧಿಗೆ, ನೆನಪಿಗೆ ಕೆಲಸ ಕೊಡುವ ಪಾಠ ಬೆಳಿಗ್ಗೆ ಎರಡು ಗಂಟೆ, ಕೈಗೂ ಕಂಠಕ್ಕೂ ಕೆಲಸ ಕೊಡುವುದು ಮಧ್ಯಾಹ್ನದ ಮೇಲೆ ಎರಡು ಗಂಟೆ. ಉಳಿದ ಹೊತ್ತು ಮನೆಗೆಲಸಕ್ಕೆ, ಆಟಕ್ಕೆ. ತಾಯ್ನುಡಿ ಗಟ್ಟಿಯಾಗದ ಮಗುವಿಗೆ ಲ್ಯಾಟಿನ್ ಹೇರುವುದೆಂದರೆ ನಡೆಯಲು ಬಾರದವನನ್ನು ಕುದುರೆ ಸವಾರಿಗೆ ಹತ್ತಿಸಿದಂತೆ ಎಂಬುದು ಅವರ ವಾದ. ಮನೆಯಲ್ಲಿ ಕೊಂಕಣಿ, ತುಳು ಆಡುವ ಮಗುವನ್ನು ಮೂರನೇ ವರ್ಷಕ್ಕೇ ಇಂಗ್ಲಿಷಿನಲ್ಲಿ ಕೂರಿಸುವ ನಾವು ಈ ಪುಟವನ್ನು ಮೆಲ್ಲಗೆ ಮಗುಚಿಬಿಡುತ್ತೇವೆ.

ಇಲ್ಲೇ ಅವರು ತಮ್ಮ ಗುರುವಿನ ಮಾತನ್ನೂ ಮೀರಿದರು. ಹೆರ್ಬಾರ್ನ್‌ನಲ್ಲಿ ಅವರಿಗೆ ಕಲಿಸಿದ ಆಲ್‌ಸ್ಟೆಡ್, ಮಾತೃಭಾಷೆಯ ಶಾಲೆ ಹೆಣ್ಣುಮಕ್ಕಳಿಗೆ ಮತ್ತು ಕೈಕಸುಬಿಗೆ ಹೋಗುವ ಹುಡುಗರಿಗೆ ಮಾತ್ರ, ಓದಲಿರುವ ಹುಡುಗರು ನೇರ ಲ್ಯಾಟಿನ್ ಶಾಲೆಗೆ ಹೋಗಲಿ ಎನ್ನುತ್ತಿದ್ದರು. ಕೊಮೇನಿಯಸ್ ಒಪ್ಪಲಿಲ್ಲ. ಬಡವರಿರಲಿ ಧನಿಕರಿರಲಿ, ಗಂಡಿರಲಿ ಹೆಣ್ಣಿರಲಿ, ಎಲ್ಲರೂ ಮೊದಲು ಒಂದೇ ಶಾಲೆಯಲ್ಲಿ ಕೂರಬೇಕು. ಆರು ವರ್ಷದ ಮಗು ಯಾವುದಕ್ಕೆ ಯೋಗ್ಯವೆಂದು ತೀರ್ಮಾನಿಸುವುದು ಅವಸರದ ಕೆಲಸ. ಆ ವಯಸ್ಸಿಗೆ ಬುದ್ಧಿಯ ಬಲವಾಗಲಿ ಮನಸ್ಸಿನ ಒಲವಾಗಲಿ ಸರಿಯಾಗಿ ಕಾಣುವುದಿಲ್ಲ ಎಂಬುದು ಅವರ ಕಾರಣ. ಹದಿನಾರಕ್ಕೆ ಅಕ್ಷರದ ಹಾದಿಗೆ ಮರಳಿದ ಅನಾಥನಿಗೆ ಇದು ಬರೀ ಸಿದ್ಧಾಂತವಾಗಿರಲಿಲ್ಲವೆಂದು ನಮಗನಿಸುತ್ತದೆ.

ಹಾಗಾದರೆ ಪರೀಕ್ಷೆ ಬೇಡವೇ? ಬೇಕು, ಆದರೆ ಕಲಿಕೆಯ ನಡುವೆಯೇ. ಪಾಠ ಮಾಡುತ್ತಾ ಗುರು ಈ ಮೂಲೆಯ ಒಬ್ಬನನ್ನು, ಆ ಮೂಲೆಯ ಇನ್ನೊಬ್ಬನನ್ನು ಥಟ್ಟನೆ ಕೇಳಬೇಕು. ಹತ್ತು ಮಂದಿಗೊಬ್ಬ ಹುಡುಗ ಮೇಲ್ವಿಚಾರಕನಾಗಿ ಉಳಿದವರ ಕೆಲಸ ನೋಡಬೇಕು. ಒಬ್ಬ ತಾನು ಬರೆದದ್ದನ್ನು ಓದುವಾಗ ಮಿಕ್ಕವರು ತಂತಮ್ಮ ತಪ್ಪು ತಿದ್ದಿಕೊಳ್ಳಬೇಕು. ಪಾಠ ಬಾರದ್ದಕ್ಕೆ ಹೊಡೆಯಬಾರದು. ವೀಣೆ ಅಪಸ್ವರ ನುಡಿದರೆ ವೈಣಿಕ ಅದನ್ನು ಗುದ್ದುವುದಿಲ್ಲವಷ್ಟೆ, ಶ್ರುತಿ ಮಾಡುತ್ತಾನೆ, ಆ ರೀತಿ. (ನಡತೆಯ ತಪ್ಪಿಗೆ ಮಾತ್ರ ಅವರೂ ಕಠಿಣ ಶಿಕ್ಷೆ ಒಪ್ಪಿದ್ದರು. ಆ ಮಟ್ಟಿಗೆ ತಮ್ಮ ಕಾಲದವರೇ.) ಯಾರು ವಿಶ್ವವಿದ್ಯಾಲಯಕ್ಕೆ, ಯಾರು ಬೇರೆ ಉದ್ಯೋಗಕ್ಕೆ ಎಂದು ಆರಿಸುವ ಬಹಿರಂಗ ಪರೀಕ್ಷೆಯನ್ನು ಅವರು ಇಟ್ಟದ್ದು ಲ್ಯಾಟಿನ್ ಶಾಲೆ ಮುಗಿದ ಮೇಲೆ, ಹದಿನೆಂಟರ ಹೊತ್ತಿಗೆ. ಎಲ್.ಕೆ.ಜಿ. ಸೀಟಿಗಾಗಿ ಮಗುವನ್ನೂ ತಂದೆತಾಯಿಯರನ್ನೂ ಎದುರು ಕೂರಿಸಿ ಪ್ರಶ್ನೆ ಕೇಳುವ ಶಾಲೆಗಳನ್ನು ನಾವು ಕಂಡಿದ್ದೇವೆ. ಅವು ಯಾರ ಶಾಲೆಗಳೆಂದು ಇಲ್ಲಿ ಬರೆಯುವುದು ಬೇಡ.

1631ರಲ್ಲಿ ಪ್ರಕಟವಾದ ಅವರ ಲ್ಯಾಟಿನ್ ಪಠ್ಯಪುಸ್ತಕ ಯುರೋಪಿನಾದ್ಯಂತ ಹೆಸರು ತಂದಿತು. ಅದರ ಹೆಸರು ಭಾಷೆಗಳ ಬಾಗಿಲು ಎಂಬ ಅರ್ಥದ ಜಾನುವಾ ಲಿಂಗ್ವಾರಂ. ಈ ಹೆಸರನ್ನೂ ಮೂಲ ಕಲ್ಪನೆಯನ್ನೂ ಅವರು ಪಡೆದದ್ದು ಸ್ಪೇನಿನ ಸಲಮಾಂಕಾದಲ್ಲಿದ್ದ ಐರಿಶ್ ಯೇಸುಸಭೆಯ ಗುರುಗಳು 1611ರಲ್ಲಿ ಹೊರತಂದ ಪುಸ್ತಕದಿಂದ. ಕೊಮೇನಿಯಸ್ ಆ ಋಣವನ್ನು ಮುಚ್ಚಿಡಲಿಲ್ಲ. ಅದರ ಕೊರತೆಗಳನ್ನು ಹೇಳಿ, ನೂರು ಅಧ್ಯಾಯಗಳಲ್ಲಿ ಸಾವಿರ ವಾಕ್ಯಗಳಾಗಿ ಹೊಸದಾಗಿ ಬರೆದರು. ಮತದ ಹೆಸರಿನಲ್ಲಿ ಊರು ಕಳಕೊಂಡವರು ಎದುರು ಪಾಳೆಯದ ಪುಸ್ತಕವನ್ನು ಮಕ್ಕಳ ಸಲುವಾಗಿ ಕೈಗೆತ್ತಿಕೊಂಡದ್ದು ಸಣ್ಣ ಮಾತಲ್ಲ.

ಆಮೇಲೆ ಇಂಗ್ಲೆಂಡ್, ಸ್ವೀಡನ್, ಹಂಗೇರಿ ಎಂದು ಅಲೆದಾಟ. 1648ರಲ್ಲಿ ಅವರು ತಮ್ಮ ಸಭೆಯ ಬಿಷಪರಾದರು. 1655ರಲ್ಲಿ ಪೋಲೆಂಡಿನ ಮೇಲೆ ದಂಡೆತ್ತಿ ಬಂದ ಸ್ವೀಡನ್ ದೊರೆಯನ್ನು ಹೊಗಳಿ ಬರೆದರು. ಇದು ಅವರ ದೊಡ್ಡ ತಪ್ಪು. ಮರುವರ್ಷ ಪೋಲಿಷರು ಲೆಷ್ನೊವನ್ನು ಸುಟ್ಟಾಗ ಸುಮಾರು ನಲವತ್ತು ವರ್ಷ ದುಡಿದ ಚೆಕ್ ನಿಘಂಟಿನ ಹಸ್ತಪ್ರತಿಯೂ ಬೂದಿಯಾಯಿತು. ಅರುವತ್ತು ದಾಟಿದ ಅವರು ಬರಿಗೈಯಲ್ಲಿ ಆಮ್‌ಸ್ಟರ್‌ಡಾಮ್ ಸೇರಿದರು. ತಾಯಿಯ ಮಡಿಲಿನ ಶಾಲೆಗಾಗಿ ಹಿಂದೆ ಸೂಚಿಸಿದ್ದ ಚಿತ್ರಪುಸ್ತಕದ ಕಲ್ಪನೆ 1658ರಲ್ಲಿ ಕೈಗೂಡಿತು. ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಆರ್ಬಿಸ್ ಪಿಕ್ಟಸ್‌ನಲ್ಲಿ 150 ಚಿತ್ರಗಳಿದ್ದವು. ಅಕ್ಷರಗಳನ್ನು ಕಲಿಸಿದ್ದು ಕಾಗೆ, ಕುರಿಮರಿಗಳ ಕೂಗಿನ ಮೂಲಕ.

1670ರ ನವೆಂಬರ್ 15ರಂದು ಅವರು ತೀರಿಕೊಂಡರು. ಸಮಾಧಿ ಇರುವುದು ಹಾಲೆಂಡಿನ ನಾರ್ಡನ್‌ನಲ್ಲಿ. ಕೊನೆಗಾಲದಲ್ಲಿ ಅವರು ತಮ್ಮ ಹಳೆಯ ನಾಲ್ಕು ಶಾಲೆಗಳನ್ನು ಹಿಗ್ಗಿಸಿ, ಗರ್ಭದಲ್ಲಿರುವ ಶಿಶುವಿನಿಂದ ಮುಪ್ಪು, ಮರಣದವರೆಗೆ ಬದುಕಿನ ಪ್ರತಿ ಹಂತಕ್ಕೂ ಒಂದೊಂದು ಶಾಲೆಯನ್ನು ಯೋಚಿಸಿ ಬರೆಯುತ್ತಿದ್ದರು. ಮುಗಿಯದೆ ಉಳಿದ ಆ ಹಸ್ತಪ್ರತಿ ಎಲ್ಲೋ ಕಳೆದುಹೋಯಿತೆಂದೇ ಭಾವಿಸಲಾಗಿತ್ತು. 1930ರ ದಶಕದಲ್ಲಿ ಅದು ಸಿಕ್ಕಿತು, ಜರ್ಮನಿಯ ಹಾಲೆ ನಗರದ ಒಂದು ಹಳೆಯ ಅನಾಥಾಲಯದ ಸಂಗ್ರಹದಲ್ಲಿ.