ಗಣಿತಸಾರ ಸಂಗ್ರಹದ ಶ್ರೀ ಮಹಾವೀರಾಚಾರ್ಯರು

ಮಹಾವೀರಾಚಾರ್ಯರು ಎಂದ ಕೂಡಲೇ ಕೆಲವರು ಭಗವಾನ್ ಮಹಾವೀರ ಸ್ವಾಮಿಯೇ ಎಂದುಕೊಳ್ಳುತ್ತಾರೆ. ಇವರು ಬೇರೆ. ಒಂಬತ್ತನೆಯ ಶತಮಾನದಲ್ಲಿ ಕರ್ನಾಟಕದಲ್ಲಿ ಬಾಳಿದ ಜೈನ ಗಣಿತಜ್ಞರು, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಜಿನಸೇನಾಚಾರ್ಯರು ಅವನ ಗುರುಗಳು. ನಮ್ಮ ಮರೋಳ, ಹುನಗುಂದ, ಐಹೊಳೆ, ಬಾದಾಮಿ ಸೀಮೆಯೂ ಆಗ ಅದೇ ರಾಜ್ಯದೊಳಗಿತ್ತು. ಪಟ್ಟದಕಲ್ಲಿನ ಜೈನ ಬಸದಿಯನ್ನು ನೋಡಿದವರಿಗೆ ಆ ಕಾಲದ ಕೆಲಸ ಹೇಗಿತ್ತೆಂದು ಗೊತ್ತು.

ಆಚಾರ್ಯರು ತಮ್ಮ ತಂದೆತಾಯಿ, ಊರುಗಳ ವಿಷಯ ಬರೆದಿಡಲಿಲ್ಲ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರ ಸಂಗ್ರಹವೇ ಅವರ ಚರಿತ್ರೆ. ಅದರಲ್ಲಿ 9 ಅಧ್ಯಾಯ, 1100ಕ್ಕೂ ಹೆಚ್ಚು ಶ್ಲೋಕಗಳಿವೆ. ಆರ್ಯಭಟ, ಬ್ರಹ್ಮಗುಪ್ತರು ತಮ್ಮ ಜ್ಯೋತಿಷ ಗ್ರಂಥಗಳೊಳಗೆ ಗಣಿತಕ್ಕೆ ಅಧ್ಯಾಯಗಳನ್ನು ಕೊಟ್ಟಿದ್ದರು. ಇವರು ಗ್ರಹಗತಿಯನ್ನು ಬಿಟ್ಟು ಬರೀ ಗಣಿತಕ್ಕೇ ಗ್ರಂಥ ಮೀಸಲಿಟ್ಟರು. ಆರಂಭದಲ್ಲಿ ಜಿನೇಶ್ವರನಿಗೆ ನಮಿಸಿ, ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವುದು ಎಲ್ಲದಕ್ಕೂ ಲೆಕ್ಕ ಬೇಕೆಂದು ವಿವರಿಸುತ್ತಾರೆ.

ವ್ಯಾಪಾರಿಯಾದ ನನಗೆ ಹೆಚ್ಚು ಹಿಡಿಸಿದ್ದು ಮಿಶ್ರಕ ವ್ಯವಹಾರದ ಅಧ್ಯಾಯ. ಅಸಲು, ಬಡ್ಡಿ, ಪಾಲುದಾರರ ಹಂಚಿಕೆ, ಚಿನ್ನ ಕರಗಿಸಿ ಕೂಡಿಸುವ ಲೆಕ್ಕ ಎಲ್ಲವೂ ಅಲ್ಲಿವೆ. ಆಗ 16 ವರ್ಣ ಎಂದರೆ ಅಪ್ಪಟ ಚಿನ್ನ. 12 ವರ್ಣದ 4 ತೊಲೆಯನ್ನು 15 ವರ್ಣದ 2 ತೊಲೆಯೊಂದಿಗೆ ಕರಗಿಸಿದರೆ, 48ಕ್ಕೆ 30 ಕೂಡಿಸಿ 6ರಿಂದ ಭಾಗಿಸಬೇಕು; 13 ವರ್ಣ ಬರುತ್ತದೆ. ಈ ಅಂಕಿಗಳು ನನ್ನವು, ರೀತಿ ಆಚಾರ್ಯರದು. ಸರಾಫ ಅಂಗಡಿಯಲ್ಲಿ ಇಂದಿಗೂ ಇದೇ ರೀತಿ ನಡೆಯುತ್ತದೆ.

ಅವರ ದೊಡ್ಡ ಸಾಧನೆ ಸಂಯೋಗಗಳ ಸಾಮಾನ್ಯ ಸೂತ್ರ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಈ ಆರು ರುಚಿಗಳಿಂದ ಎಷ್ಟು ಬಗೆಯ ರುಚಿ ಆದೀತೆಂದು ಅವರು ಕೇಳುತ್ತಾರೆ. ಮೂರು ಮೂರರಂತೆ ಆರಿಸಲು 6, 5, 4ನ್ನು ಗುಣಿಸಿ, 1, 2, 3ರ ಗುಣಲಬ್ಧದಿಂದ ಭಾಗಿಸಬೇಕು; 20 ಬರುತ್ತದೆ. ಒಂದರಿಂದ ಆರರವರೆಗೆ ಹೀಗೆಯೇ ಮಾಡಿದರೆ 6, 15, 20, 15, 6, 1, ಒಟ್ಟು 63. ಎಷ್ಟೇ ವಸ್ತುಗಳಿದ್ದರೂ ಸಲ್ಲುವ ಈ ಸೂತ್ರ ಯುರೋಪಿನಲ್ಲಿ ಎರಿಗೋನ್ ಎಂಬ ಫ್ರೆಂಚ್ ಗಣಿತಜ್ಞನ ಗ್ರಂಥದಲ್ಲಿ ಬಂದದ್ದು 1634ರಲ್ಲಿ. ಪಿಯುಸಿಯಲ್ಲಿ ನಾವೂ ಇದನ್ನು ಎನ್‌ಸಿಆರ್ ಎಂದು ಬಾಯಿಪಾಠ ಮಾಡಿದೆವು. ಆಚಾರ್ಯರ ಹೆಸರನ್ನು ಯಾರೂ ಹೇಳಲಿಲ್ಲ, ಈಗಿನ ಮಕ್ಕಳಿಗೂ ಹೇಳುವವರು ಕಡಿಮೆ.

ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಗುರುತಿಸಿದರು. ಒಂದನ್ನು ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು, ಹದಿನೆಂಟನೇ ಒಂದು ಹೀಗೆ ಒಡೆಯುವ ನಿಯಮ ಕೊಟ್ಟರು. ಕೂಡಿಸಿ ನೋಡಿ, ಸರಿಯಾಗಿ ಒಂದೇ ಬರುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ ಬರುವಂಥ ಹಾರದ ಲೆಕ್ಕಗಳು ಮಕ್ಕಳಿಗೆ ಬಹಳ ಖುಷಿ ಕೊಡುತ್ತವೆ.

ಅಭಿಮಾನದಿಂದ ಒಂದು ಮಾತನ್ನು ಮುಚ್ಚಿಡಬಾರದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ಅವರು ಬರೆದರು. ಹಂಚಿಕೊಳ್ಳುವವರೇ ಇಲ್ಲದಾಗ ರಾಶಿ ಇದ್ದಲ್ಲೇ ಇರುತ್ತದೆ ಎಂಬ ವಿಚಾರ ಇದ್ದೀತು. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ. ಆಯತವೃತ್ತ, ಅಂದರೆ ದೀರ್ಘವೃತ್ತಕ್ಕೆ ಅವರು ಕೊಟ್ಟ ಸುತ್ತಳತೆ ನಿಜಕ್ಕೆ ಹತ್ತಿರವಿದೆ, ಕ್ಷೇತ್ರಫಲ ಸರಿಯಿಲ್ಲ. ಆದರೂ ಆ ಆಕೃತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರಾಚೀನ ಭಾರತೀಯರು ಬೇರೆ ಸಿಗುವುದು ಕಷ್ಟ.

ಗ್ರಂಥ ದಕ್ಷಿಣದಲ್ಲೆಲ್ಲ ಹಬ್ಬಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ, 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ ಬಂದವು. ಕನ್ನಡ ಅನುವಾದವನ್ನು ಪದ್ಮಾವತಮ್ಮನವರು ಮಾಡಿದರು. ಹೊಂಬುಜ ಜೈನ ಮಠ 2000ದಲ್ಲಿ ಪ್ರಕಟಿಸಿತು.