ಕೆಲಸವಿಲ್ಲದ ಮಳೆಗಾಲ, ಗೀಜಗನ ಗೂಡು

1930ರಲ್ಲಿ ಜರ್ಮನಿಯಿಂದ ಮುಂಬೈಗೆ ಮರಳಿದ ಸಲೀಂ ಅಲಿ ಅವರಿಗಾಗಿ ಕಾದಿದ್ದುದು ಕೆಟ್ಟ ಸುದ್ದಿ. ರಜೆ ಹಾಕಿ ಹೋಗಿದ್ದ ಅವರ ಹುದ್ದೆಯೇ ಈಗ ಇರಲಿಲ್ಲ. ಹಣದ ಕೊರತೆ ಎಂಬ ಕಾರಣಕ್ಕೆ ಅದನ್ನು ರದ್ದು ಮಾಡಲಾಗಿತ್ತು. ಆಗ ಅವರ ವಯಸ್ಸು 33. ಮದುವೆಯಾಗಿ ಹನ್ನೊಂದು ವರ್ಷ ಕಳೆದಿತ್ತು. ಹಕ್ಕಿಗಳ ಬಗ್ಗೆ ಯೂರೋಪಿನ ದೊಡ್ಡ ವಿಜ್ಞಾನಿಯೊಬ್ಬರ ಬಳಿ ಕಲಿತು ಬಂದಿದ್ದರೂ ಕೈಯಲ್ಲಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ.

ಭಾರತದ ಹಕ್ಕಿಗಳ ಬಗ್ಗೆ ಯಾರೇ ಮಾತಾಡಿದರೂ ಇಂದು ಮೊದಲು ಬರುವ ಹೆಸರು ಸಲೀಂ ಅಲಿ. ಪದ್ಮವಿಭೂಷಣ, ರಾಜ್ಯಸಭೆಯ ಸದಸ್ಯತ್ವ, ಹತ್ತು ಸಂಪುಟಗಳ ಪಕ್ಷಿಕೋಶ ಎಲ್ಲವೂ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಸಿಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅದನ್ನು ಬಾಯಿಪಾಠವೂ ಮಾಡುತ್ತಾರೆ. ಆದರೆ ಕೆಲಸ ಕಳೆದುಕೊಂಡ ಆ ದಿನಗಳಲ್ಲಿ ಅವರು ಏನು ಮಾಡಿದರು ಎಂಬುದು ಅಲ್ಲಿ ಇರುವುದಿಲ್ಲ. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಹುಡುಕುವ ನಮ್ಮ ವಯಸ್ಸಿನವರಿಗೆ ಪ್ರಶಸ್ತಿಗಳಿಗಿಂತ ಆ ಭಾಗವೇ ಹೆಚ್ಚು ಹತ್ತಿರದ್ದು.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈನಲ್ಲಿ. ದೊಡ್ಡ ಕುಟುಂಬದ ಕೊನೆಯ ಮಗು. ಒಂದು ವರ್ಷವಾಗುವಷ್ಟರಲ್ಲಿ ತಂದೆ, ಮೂರು ವರ್ಷವಾಗುವಷ್ಟರಲ್ಲಿ ತಾಯಿ ತೀರಿಕೊಂಡರು. ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮಕ್ಕಳನ್ನು ಸಾಕಿದರು. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನಿಗೂ ಒಂದು ಆಟದ ಏರ್‌ಗನ್ ಸಿಕ್ಕಿತು. ಗುಬ್ಬಿಗಳೇ ಗುರಿಯಾದವು.

ಆ ಕಾಲದ ಒಂದು ಘಟನೆ ಓದಿದರೆ ಇಂದು ಮನಸ್ಸಿಗೆ ಕಸಿವಿಸಿಯಾಗುತ್ತದೆ. ಗೋಡೆಯ ತೂತೊಂದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಒಳಗೆ ಹೆಣ್ಣು ಮೊಟ್ಟೆಯ ಮೇಲೆ ಕುಳಿತಿತ್ತು, ಹೊರಗೆ ಒಂದು ಮೊಳೆಯ ಮೇಲೆ ಗಂಡು ಕಾವಲಿತ್ತು. ಹುಡುಗ ಗಂಡನ್ನು ಹೊಡೆದು ಬೀಳಿಸಿದ. ಸ್ವಲ್ಪ ಹೊತ್ತಿನಲ್ಲೇ ಅದೇ ಮೊಳೆಯ ಮೇಲೆ ಇನ್ನೊಂದು ಗಂಡು ಬಂದು ಕುಳಿತಿತು. ಅದನ್ನೂ ಹೊಡೆದ. ಏಳು ದಿನಗಳಲ್ಲಿ ಎಂಟು ಗಂಡುಗಳು ಸತ್ತವು. ಪ್ರತಿ ಸಲವೂ ಆ ಹೆಣ್ಣಿಗೆ ಹೊಸ ಜೊತೆಗಾರ ಸಿಗುತ್ತಿತ್ತು. ಹುಡುಗ ಇದನ್ನೆಲ್ಲ ಬರೆದಿಟ್ಟುಕೊಂಡ. ಗೂಡಿನ ಬಳಿ ಏನಾಗುತ್ತದೆ ಎಂದು ಎಣಿಸಿ ಬರೆದಿಡುವ ಅಭ್ಯಾಸ ಆಗಲೇ ಇತ್ತು. ಆದರೆ ಗೂಡಿಗೆ ತೊಂದರೆ ಕೊಡದೆ ನೋಡುವುದನ್ನು ಮಾತ್ರ ಅವನು ಇನ್ನೂ ಕಲಿತಿರಲಿಲ್ಲ.

1908ರಲ್ಲಿ ಹೊಡೆದ ಒಂದು ಗುಬ್ಬಿಯ ಕುತ್ತಿಗೆಯಲ್ಲಿ ಹಳದಿ ಗುರುತಿತ್ತು. ಇದು ಯಾವ ಜಾತಿ ಎಂಬ ಪ್ರಶ್ನೆ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ತಂದಿತು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಕಪಾಟುಗಳನ್ನು ತೆರೆದು ಸಂಸ್ಥೆಯ ಪಕ್ಷಿಸಂಗ್ರಹವನ್ನೇ ತೋರಿಸಿದರು. ಚಿಕ್ಕ ಹುಡುಗನೆಂದು ಸಾಗಹಾಕಲಿಲ್ಲ. ಆ ಒಂದು ಭೇಟಿ ಸಲೀಂ ಅವರ ಬದುಕಿನ ದಿಕ್ಕು ಬದಲಿಸಿತು.

ಓದಿನಲ್ಲಿ ಮಾತ್ರ ಅವರು ಮುಂದಿರಲಿಲ್ಲ. 1913ರಲ್ಲಿ ಮೆಟ್ರಿಕ್ಯುಲೇಷನ್ ಕಷ್ಟಪಟ್ಟು ಪಾಸಾದರು. ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಮೊದಲ ವರ್ಷವೇ ಭಾರವಾಯಿತು. ಓದು ಬಿಟ್ಟು, ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು ಬರ್ಮಾದ ತವೊಯ್‌ಗೆ ಹೋದರು. ಅಲ್ಲಿ ಲೆಕ್ಕದ ಪುಸ್ತಕಕ್ಕಿಂತ ಸುತ್ತಲಿನ ಕಾಡೇ ಅವರನ್ನು ಸೆಳೆಯಿತು. ಮರಳಿ ಬಂದು ವಾಣಿಜ್ಯ ಓದಿದರು, ಜೊತೆಗೆ ಪ್ರಾಣಿಶಾಸ್ತ್ರವನ್ನೂ ಕಲಿತರು. 1918ರಲ್ಲಿ ತೆಹಮಿನಾ ಅವರೊಂದಿಗೆ ಮದುವೆಯಾಯಿತು.

ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಪಕ್ಷಿತಜ್ಞರ ಹುದ್ದೆ ಇತ್ತು. ಅದಕ್ಕೆ ಪದವಿ ಬೇಕಿತ್ತು, ಸಲೀಂ ಅವರಲ್ಲಿ ಪದವಿ ಇರಲಿಲ್ಲ. ಆ ಬಾಗಿಲು ಮುಚ್ಚಿತು. 1926ರಲ್ಲಿ ಮುಂಬೈನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆಗಿ ಸೇರಿದರು. ಸಂಬಳ ತಿಂಗಳಿಗೆ 350 ರೂಪಾಯಿ. ಇನ್ನಷ್ಟು ಕಲಿಯಬೇಕೆಂದು 1928ರಲ್ಲಿ ರಜೆ ಪಡೆದು ಬರ್ಲಿನ್‌ಗೆ ಹೋದರು. ಅಲ್ಲಿನ ಪ್ರಾಣಿ ಸಂಗ್ರಹಾಲಯದಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಗುರುವಾದರು. ಹಕ್ಕಿಯ ಚರ್ಮ, ಬಣ್ಣ, ಅಳತೆಗಳಷ್ಟೇ ಮುಖ್ಯವಲ್ಲ, ಬದುಕಿರುವ ಹಕ್ಕಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ವಿಜ್ಞಾನವೇ ಎಂಬ ದೃಷ್ಟಿ ಅವರಿಗೆ ಗಟ್ಟಿಯಾಯಿತು. ಮರಳಿ ಬಂದಾಗ ಆಗಿದ್ದೇ ಮೊದಲು ಹೇಳಿದ ಆಘಾತ.

ಬೇರೆ ಕೆಲಸ ಸಿಗಲಿಲ್ಲ. ಮುಂಬೈನ ಖರ್ಚು ಬೇಡವೆಂದು ಗಂಡ ಹೆಂಡತಿ ಸಮುದ್ರದಾಚೆಯ ಕಿಹಿಮ್ ಎಂಬ ಕರಾವಳಿ ಹಳ್ಳಿಯ ಮನೆಗೆ ಹೋದರು. ಮಳೆಗಾಲ ಬಂತು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟತೊಡಗಿದವು.

ನಮ್ಮ ಊರುಗಳಲ್ಲಿ ಗೀಜಗನ ಗೂಡು ನೋಡದವರು ಕಡಿಮೆ. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲೋ ಈಚಲ ಗರಿಯಲ್ಲೋ ಸೋರೆಬುರುಡೆಯಂತೆ ತೂಗಾಡುತ್ತಿರುತ್ತದೆ. ಗೂಡಿನೊಳಗೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಮಾತೂ ಕೇಳಿದ್ದೇವೆ. ಆದರೆ ಒಂದೇ ಮರದಲ್ಲಿ ಕೆಲವು ಗೂಡು ಪೂರ್ತಿಯಾಗಿ, ಕೆಲವು ಅರ್ಧಕ್ಕೇ ನಿಂತಿರುವುದು ಏಕೆ?

ಸಲೀಂ ಅಲಿ ಮರದ ಬಳಿ ಮರೆ ಮಾಡಿಕೊಂಡು ಗಂಟೆಗಟ್ಟಲೆ ಕುಳಿತು ನೋಡಿದರು. ನೇಯ್ಗೆಯ ಕೆಲಸ ಗಂಡಿನದು. ಅದು ಭತ್ತದ ಎಲೆಯ ಅಥವಾ ಉದ್ದ ಹುಲ್ಲಿನ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುವ ರಭಸದಲ್ಲೇ ಉದ್ದನೆಯ ಸೀಳು ತೆಗೆಯುತ್ತದೆ. ಮೊದಲು ಕೊಂಬೆಗೆ ಬಿಗಿಯಾದ ಗಂಟು, ನಂತರ ಒಂದು ಬಳೆ, ಆಮೇಲೆ ಅದರ ಮೇಲೆ ಚಾವಣಿ. ಗೂಡು ಹೆಲ್ಮೆಟ್ ಆಕಾರಕ್ಕೆ ಬಂದಾಗ ಹೆಣ್ಣುಗಳು ಪರೀಕ್ಷೆಗೆ ಬರುತ್ತವೆ. ಒಳಗೆ ಹೊಕ್ಕು, ಎಳೆಗಳನ್ನು ಜಗ್ಗಿ ನೋಡುತ್ತವೆ. ಒಪ್ಪಿಗೆಯಾದರೆ ಗಂಡು ಮೊಟ್ಟೆಯ ಕೋಣೆಯನ್ನೂ ಕೊಳವೆಯಂಥ ದಾರಿಯನ್ನೂ ಪೂರ್ತಿ ಮಾಡುತ್ತದೆ. ಒಪ್ಪಿಗೆಯಾಗದ ಗೂಡು ಹಾಗೆಯೇ ನಿಲ್ಲುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದುವ ನನ್ನ ಗೆಳೆಯರಿಗೆ ಇದು ಚೆನ್ನಾಗಿ ಅರ್ಥವಾದೀತು. ಅರ್ಧ ಕಟ್ಟಡಕ್ಕೆ ತಪಾಸಣೆ, ಪಾಸಾದರೆ ಮಾತ್ರ ಉಳಿದ ಕಾಮಗಾರಿ!

ಅಸಲಿ ವಿಷಯ ಇನ್ನೂ ಮುಂದಿತ್ತು. ಹೆಣ್ಣು ಮೊಟ್ಟೆಯಿಟ್ಟು ಕಾವು ಕೂರುತ್ತಲೇ ಗಂಡು ಅದೇ ಮರದಲ್ಲಿ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹೀಗೆ ಒಂದೇ ಋತುವಿನಲ್ಲಿ ಒಂದಾದ ಮೇಲೊಂದರಂತೆ ಹಲವು ಸಂಸಾರ. ಯಾವ ಗೂಡು ಯಾವ ಗಂಡಿನದು, ಯಾವ ಹೆಣ್ಣು ಎಲ್ಲಿಗೆ ಬಂತು ಎಂದು ದಿನವೂ ಗುರುತು ಹಾಕಿದವರಿಗೆ ಮಾತ್ರ ಇದು ತಿಳಿಯಲು ಸಾಧ್ಯ. 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನ ಅವರಿಗೆ ಪಕ್ಷಿತಜ್ಞರ ನಡುವೆ ಹೆಸರು ತಂದಿತು. ದೊಡ್ಡ ಪ್ರಯೋಗಾಲಯವಿಲ್ಲ, ಅನುದಾನವಿಲ್ಲ. ಒಂದು ಮರ, ಒಂದು ನೋಟ್‌ಬುಕ್, ಕೈತುಂಬ ಸಮಯ ಅಷ್ಟೇ.

ಇದನ್ನು ಓದಿ ನಿರುದ್ಯೋಗವೇ ಒಳ್ಳೆಯದು ಎಂದುಕೊಳ್ಳಬೇಕಿಲ್ಲ. ಸಲೀಂ ಅವರಿಗೆ ತಲೆಯ ಮೇಲೊಂದು ಸೂರಿತ್ತು, ಜೊತೆ ನಿಂತ ಹೆಂಡತಿ ಇದ್ದರು. ನಮ್ಮಲ್ಲಿ ಹಲವರಿಗೆ ಸಾಲದ ಕಂತು, ಮನೆಯ ಜವಾಬ್ದಾರಿ ಇರುತ್ತದೆ. ಆದರೂ ಕೆಲಸ ಹೋದ ದಿನವೇ ಅವರ ಕಲಿಕೆ ನಿಲ್ಲಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಆಮೇಲೆಯೂ ಅವರು ಹುದ್ದೆಗಾಗಿ ಕಾದು ಕೂರಲಿಲ್ಲ. ಸಂಸ್ಥಾನಗಳ ಹಕ್ಕಿ ಸಮೀಕ್ಷೆಗೆ ಓಡಾಟದ ಖರ್ಚು ಕೊಟ್ಟರೆ ಸಾಕು, ಸಂಬಳವಿಲ್ಲದೆ ಮಾಡುತ್ತೇನೆಂದು ಮುಂದೆ ಬಂದರು. ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಹೀಗೆ ಒಂದೊಂದೇ ಸಂಸ್ಥಾನ ಸುತ್ತಿದರು. ತೆಹಮಿನಾ ಶಿಬಿರಗಳಲ್ಲಿ ಜೊತೆಗಿದ್ದರು. 1939ರಲ್ಲಿ ಅವರು ತೀರಿಕೊಂಡದ್ದು ಸಲೀಂ ಅವರಿಗೆ ದೊಡ್ಡ ಪೆಟ್ಟು.

ಆ ದುಃಖದ ಬಳಿಕವೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನದಿಯ ಪುಟ್ಟ ದ್ವೀಪಗಳಲ್ಲಿ ನೀರುಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದ್ದನ್ನು ಕಂಡರು. ಅದನ್ನು ರಕ್ಷಿಸುವಂತೆ ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂದು ನಾವು ದೋಣಿಯಲ್ಲಿ ಕುಳಿತು ಕೊಕ್ಕರೆ, ಬೆಳ್ಳಕ್ಕಿಗಳ ಮರಿಗಳನ್ನು ನೋಡುವಾಗ ಈ ಹೆಸರನ್ನು ನೆನೆಯಬೇಕು. ಬಂದೂಕನ್ನು ಅವರು ಪೂರ್ತಿ ಕೆಳಗಿಡಲಿಲ್ಲ ಎಂಬುದೂ ನಿಜ. ಆ ಕಾಲದ ವಿಜ್ಞಾನಿಗಳಂತೆ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸುತ್ತಿದ್ದರು. ಆದರೆ ಗೂಡಿನ ಕಾವಲುಗಾರನಿಗೆ ಗುರಿಯಿಟ್ಟಿದ್ದ ಹುಡುಗ ಸಾವಿರಾರು ಗೂಡುಗಳಿಗೆ ಕಾವಲು ಏರ್ಪಡಿಸುವಷ್ಟು ದೂರ ನಡೆದಿದ್ದ.

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯ ಓದುಗರ ಕೈಗೂ ಹಕ್ಕಿಗಳನ್ನು ತಲುಪಿಸಿತು. 1976ರಲ್ಲಿ ದೊರೆತ ಅಂತರರಾಷ್ಟ್ರೀಯ ಪ್ರಶಸ್ತಿಯ 50,000 ಡಾಲರ್ ಹಣವನ್ನು ತಮ್ಮನ್ನು ಬೆಳೆಸಿದ ಸೊಸೈಟಿಗೆ ಕೊಟ್ಟರು. 1987ರ ಜೂನ್ 20ರಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ ನಿಧನರಾದರು.

ಅವರ ಹಾದಿ ನಮ್ಮ ಹಿತ್ತಲಿನಿಂದಲೂ ಶುರುವಾಗಬಹುದು. ಯುಗಾದಿಯ ಸುತ್ತಮುತ್ತ ಪಿಕಳಾರ ದಾಸವಾಳದ ಗಿಡದಲ್ಲಿ, ಸೂರಕ್ಕಿ ವರಾಂಡದ ತಂತಿಯಲ್ಲಿ ಗೂಡು ಕಟ್ಟಿರುವುದು ಕಾಣಬಹುದು. ಮರಿಗಳು ಹಾರಿಹೋಗುವವರೆಗೆ ಆ ಗಿಡಕ್ಕೆ ಕತ್ತರಿ ಹಾಕದಿದ್ದರೆ ಅದೇ ದೊಡ್ಡ ಸಹಾಯ. ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ. ನಾವು ಪದೇ ಪದೇ ಇಣುಕಿದರೆ ಕಾಗೆಗೂ ಬೆಕ್ಕಿಗೂ ದಾರಿ ತೋರಿಸಿದಂತೆ. ನೆರಳಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನವೂ ಬದಲಿಸಿ. ಗುಬ್ಬಿಗೆ ಪೆಟ್ಟಿಗೆ ಮಾಡುವುದಾದರೆ ಸುಮಾರು 3 ಸೆಂ.ಮೀ. ಅಗಲದ ತೂತು ಸಾಕು. ಬಿಸಿಲು ನೇರ ಬೀಳದ ಎತ್ತರದಲ್ಲಿ ಕಟ್ಟಿ.

ಆಮೇಲೆ ದೂರದಲ್ಲಿ ಕುಳಿತು ನೋಡಿ, ತಾರೀಖು ಹಾಕಿ ಬರೆದಿಡಿ. ಯಾವಾಗ ನಾರು ತಂದಿತು, ಯಾವಾಗ ಕಾವು ಕೂತಿತು, ಎಷ್ಟು ಹೊತ್ತಿಗೊಮ್ಮೆ ಮರಿಗೆ ಹುಳು ತಂದಿತು. ಸಂದರ್ಶನದ ಕರೆ ಬರುವುದು ತಡವಾದ ದಿನಗಳಲ್ಲೂ ಇಷ್ಟನ್ನು ಮಾಡಬಹುದು. ಇದಕ್ಕೆ ಯಾರ ನೇಮಕಾತಿ ಪತ್ರವೂ ಬೇಕಿಲ್ಲ.