ಛಡಿಯೇಟು ತಿಂದಾತ ಮೆಲ್ಬೋರ್ನ್ ನಗರಸಭೆಗೆ ಆರಿಸಿಬಂದ

ಮೆಲ್ಬೋರ್ನ್ ಅಂದ ಕೂಡಲೇ ಕ್ರಿಕೆಟ್ ಮೈದಾನ ನೆನಪಾಗುತ್ತದೆ. ಆಸ್ಟ್ರೇಲಿಯಾದ ಆ ಊರು ಕಟ್ಟಿದವರಲ್ಲಿ ಸಾರಾಯಿ ಮಾರುವ ಹೋಟೆಲಿನ ಮಾಲೀಕನೊಬ್ಬನಿದ್ದ. ಹೆಸರು ಜಾನ್ ಪ್ಯಾಸ್ಕೊ ಫಾಕ್ನರ್.

ಹುಟ್ಟಿದ್ದು ಲಂಡನ್‌ನಲ್ಲಿ, 1792ರಲ್ಲಿ. ಕಳವಿನ ಮಾಲು ಇಟ್ಟುಕೊಂಡ ಅಪ್ಪನಿಗೆ ಗಡಿಪಾರು ಶಿಕ್ಷೆಯಾಯಿತು. 1803ರಲ್ಲಿ ಹತ್ತು ವರ್ಷದ ಹುಡುಗನೂ ಅಪ್ಪ-ಅವ್ವನ ಜೊತೆ ಹಡಗು ಹತ್ತಿದ. ಆ ಹಡಗಿನ ಹೆಸರು ‘ಕಲ್ಕತ್ತಾ’!

ಟಾಸ್ಮೇನಿಯಾದಲ್ಲಿ ಬೆಳೆದ ಫಾಕ್ನರ್ 1814ರಲ್ಲಿ ಕೈದಿಗಳು ದೋಣಿಯಲ್ಲಿ ಪರಾರಿಯಾಗಲು ನೆರವಾಗಿ ಸಿಕ್ಕಿಬಿದ್ದ. 500 ಛಡಿಯೇಟು, ಮೂರು ವರ್ಷ ದುಡಿತದ ಶಿಕ್ಷೆ. ಬೆನ್ನಿನ ಆ ಕಲೆ ಸಾಯುವವರೆಗೂ ಹೋಗಲಿಲ್ಲ ಅನ್ನಿ. ದೊಡ್ಡವರ ಮೇಲಿನ ಸಿಟ್ಟೂ ಹಾಗೆಯೇ ಉಳಿಯಿತು.

ಮುಂದೆ ಲಾನ್ಸೆಸ್ಟನ್ ಊರಲ್ಲಿ ಬ್ರೆಡ್ ಸುಟ್ಟು ಮಾರಿದ, ಹೋಟೆಲ್ ತೆರೆದ, 1829ರಲ್ಲಿ ಪತ್ರಿಕೆ ಹೊರಡಿಸಿದ. 1835ರಲ್ಲಿ ಯಾರಾ ನದಿ ದಂಡೆಗೆ ತನ್ನದೇ ಹಡಗು ಕಳಿಸಿದ. ಸಾಲ ಕೊಟ್ಟವರು ಮಾತ್ರ ಅವನನ್ನು ಹಡಗಿನಿಂದ ಇಳಿಸಿಬಿಟ್ಟರು! ಆಗಸ್ಟ್‌ನಲ್ಲಿ ಹಡಗು ತಲುಪಿತು, ಮಾಲೀಕ ಅಕ್ಟೋಬರ್‌ನಲ್ಲಿ. ಆ ನೆಲ ಕುಲಿನ್ ಮೂಲನಿವಾಸಿಗಳದ್ದು. ಬಂದವರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಲ್ಲೂ ಹೋಟೆಲ್ ಶುರುವಾಯಿತು. ಗಿರಾಕಿಗಳಿಗೆ ಕುಡಿಯುವುದರ ಜೊತೆ ಓದಲು ಪೇಪರು, ಪುಸ್ತಕವೂ ಸಿಗುತ್ತಿದ್ದವು. ಅಚ್ಚಿನ ಯಂತ್ರ ಇಲ್ಲದ್ದರಿಂದ 1838ರ ಜನವರಿ 1ರಂದು ಕೈಬರಹದ ವಾರಪತ್ರಿಕೆ ಹೊರಡಿಸಿದ. ಪರವಾನಗಿ ಇಲ್ಲವೆಂದು ಕೆಲವೇ ತಿಂಗಳಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

1842ರ ಡಿಸೆಂಬರ್‌ನಲ್ಲಿ ಮೆಲ್ಬೋರ್ನ್ ನಗರಸಭೆಗೆ ಮೊದಲ ಚುನಾವಣೆ ನಡೆಯಿತು. ನಾಲ್ಕು ವಾರ್ಡು, 12 ಸ್ಥಾನ. ಆಸ್ತಿಯಿದ್ದ ಗಂಡಸರಿಗಷ್ಟೇ ಮತ. ಫಾಕ್ನರ್ ಆರಿಸಿಬಂದ. ಗಡಿಭಾಗದಲ್ಲಿ ನಗರಸೇವಕ ಅಂತಾರಲ್ಲ, ಅದೇ ಹುದ್ದೆ. ಮೊದಲ ಮೇಯರ್ ಆದ ಹೆನ್ರಿ ಕಾಂಡೆಲ್ ಬಿಯರ್ ತಯಾರಕ. ಒಟ್ಟಿನಲ್ಲಿ ಸಭೆಯಲ್ಲಿ ಸಾರಾಯಿ ವ್ಯಾಪಾರಕ್ಕೆ ಬರವಿರಲಿಲ್ಲ!

1845ರಲ್ಲಿ ಫಾಕ್ನರ್ ದಿವಾಳಿಯಾದ. ಆಸ್ತಿ ಬಹುಪಾಲು ಕೈಬಿಟ್ಟಿತು. ಆದರೂ ಜನ ಕೈಬಿಡಲಿಲ್ಲ. 1851ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಶಾಸನಸಭೆ ಸೇರಿದವ ಕೊನೆವರೆಗೂ ಸದಸ್ಯನಾಗಿದ್ದ. ಸಾವಿರಾರು ಎಕರೆ ಹುಲ್ಲುಗಾವಲು ಹಿಡಿದಿದ್ದ ಕುರಿ ಸಾಹುಕಾರರ ವಿರುದ್ಧ, ಸಣ್ಣ ರೈತರ ಪರ ಅಲ್ಲಿ ಜಗಳಾಡಿದ. ವಿಚಿತ್ರ ನೋಡಿ, ಅದೇ ಸಾಹುಕಾರರ ಕ್ಲಬ್ಬು ಒಂದು ಕಾಲಕ್ಕೆ ನಡೆದದ್ದು ಅವನ ಹೋಟೆಲಿನ ಕಟ್ಟಡದಲ್ಲೇ.

ಒಂದು ಕಪ್ಪುಚುಕ್ಕೆ ಮುಚ್ಚಿಡುವಂತಿಲ್ಲ. 1857ರಲ್ಲಿ ಚೀನೀಯರ ವಲಸೆ ತಡೆಯುವ ಸಮಿತಿಗೆ ಅಧ್ಯಕ್ಷನಾದವನು ಇವನೇ. ಕೈದಿಗಳ ಹಡಗಲ್ಲಿ ಬಂದವ ಮತ್ತೊಬ್ಬರಿಗೆ ಬಾಗಿಲು ಹಾಕಲು ಹೊರಟಿದ್ದ.

1869ರ ಸೆಪ್ಟೆಂಬರ್ 4ರಂದು ಫಾಕ್ನರ್ ತೀರಿಕೊಂಡ. ಶವಯಾತ್ರೆಯಲ್ಲಿ 200ಕ್ಕೂ ಹೆಚ್ಚು ಸಾರೋಟುಗಳಿದ್ದವು.